ಕ್ಯಾರೆಟ್‌ಗೆ ಕಾಲು ಬಂದಾಗ ಮಣ್ಣಿಗೆ ಏನು ಹಾಕಬೇಕು, ಏನು ಹಾಕಬಾರದು

ಕ್ಯಾರೆಟ್ ಕಿತ್ತಾಗ ಒಂದಕ್ಕೆ ಎರಡು ಕಾಲು, ಇನ್ನೊಂದಕ್ಕೆ ಮೂರು, ಮತ್ತೊಂದಕ್ಕೆ ಮೈತುಂಬ ಗಡ್ಡ. ಮಾಲೂರು, ಕೋಲಾರದ ಕಡೆ ಕ್ಯಾರೆಟ್ ಬೆಳೆಯುವವರಿಗೆ ಇದು ಹೊಸದೇನಲ್ಲ. ಮಕ್ಕಳಿಗೆ ನಗು ಬರುತ್ತದೆ, ಮಂಡಿಯವನಿಗೆ ಬರುವುದಿಲ್ಲ. ಅವನು ಆರಿಸಿ ಪಕ್ಕಕ್ಕೆ ಎಸೆಯುತ್ತಾನೆ, ಎಸೆದದ್ದಕ್ಕೆ ಅವನು ಹೇಳಿದ್ದೇ ರೇಟು.

ನಾನು ಮೊದಲ ಸಲ ಇದನ್ನು ನೋಡಿದಾಗ ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. "ಮಣ್ಣಿನಲ್ಲಿ ರೋಗ ಇದೆ, ಸುಣ್ಣ ಹೊಡಿ, ಎಲ್ಲ ಸಾಯುತ್ತದೆ" ಅಂತ ಯಾರೋ ಅಂದರು. ನಾನೂ ಹಿಂದೆ ಮುಂದೆ ನೋಡದೆ ಐದು ಗುಂಟೆಗೆ ಸುಣ್ಣ ಚೆಲ್ಲಿದೆ, ಮೇಲೆ ಒಲೆ ಬೂದಿಯನ್ನೂ ಹಾಕಿದೆ. ಮುಂದಿನ ಬೆಳೆ ಆಲೂಗಡ್ಡೆ. ಕಿತ್ತು ನೋಡಿದರೆ ಸಿಪ್ಪೆ ತುಂಬಾ ಕಜ್ಜಿ, ಒರಟೊರಟು, ಬೆಂಡು ಅಂಟಿಸಿದ ಹಾಗೆ. ಪಕ್ಕದ ಮಡಿಯ ಬೀಟ್‌ರೂಟ್ ಕೊಯ್ದರೆ ಒಳಗೆ ಕಪ್ಪು ಕಪ್ಪು ಚುಕ್ಕೆ. ಕ್ಯಾರೆಟ್‌ನ ಕಾಲು ಮಾತ್ರ ಹೋಗಿರಲಿಲ್ಲ. ಒಂದು ಕಾಯಿಲೆ ಇದ್ದ ಜಾಗದಲ್ಲಿ ಮೂರು ಮಾಡಿಕೊಂಡೆ ನೋಡಿ.

ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿದರೆ ರಸಸಾರ, ಅಂದರೆ ಪಿಎಚ್, 7.8. ಕೊಳವೆಬಾವಿಯ ಗಡಸು ನೀರು ಕುಡಿದು ಕುಡಿದು ಮಣ್ಣು ಮೊದಲೇ ಸುಣ್ಣದ ಕಡೆಗೆ ವಾಲಿತ್ತು, ನಾನು ಇನ್ನಷ್ಟು ತಳ್ಳಿದ್ದೆ. ಅದಕ್ಕೇ ಹೇಳುವುದು, ಮಣ್ಣಿಗೆ ಏನಾದರೂ ಸೇರಿಸುವ ಮೊದಲು ಕಾಯಿಲೆ ಯಾವುದು ಅಂತ ಗೊತ್ತಿರಬೇಕು. ಒಂದಕ್ಕೆ ಔಷಧಿಯಾದದ್ದು ಇನ್ನೊಂದಕ್ಕೆ ಊಟ ಆಗಿಬಿಡುತ್ತದೆ.

ಮೊದಲು ಬೇರು ತೊಳೆದು ನೋಡಿ

ಕಾಲು ಬಂದ ಕ್ಯಾರೆಟ್‌ಗೆಲ್ಲ ಹುಳುವೇ ಕಾರಣ ಅಲ್ಲ. ಕಲ್ಲು ಇದ್ದರೂ ಕವಲೊಡೆಯುತ್ತದೆ, ಟಿಲ್ಲರ್ ಮೇಲ್ಮೇಲೆ ಹೊಡೆದು ಕೆಳಗೆ ಗಟ್ಟಿ ಪದರ ಉಳಿದಿದ್ದರೂ ಕವಲೊಡೆಯುತ್ತದೆ, ಹಸಿ ಸಗಣಿ ಹಾಕಿದ್ದರಂತೂ ಖಂಡಿತ. ಹಾಗಾಗಿ ಕ್ಯಾರೆಟ್ ಎಳೆಯಬೇಡಿ, ಗುದ್ದಲಿಯಲ್ಲಿ ಮಣ್ಣು ಸಮೇತ ಎತ್ತಿ. ಎಳೆದರೆ ಸಣ್ಣ ಬೇರೆಲ್ಲ ಮಣ್ಣಲ್ಲೇ ಕಿತ್ತು ಉಳಿಯುತ್ತದೆ, ನಾವು ನೋಡಬೇಕಾದದ್ದೇ ಅದು. ಬಕೆಟ್ ನೀರಲ್ಲಿ ಮೆಲ್ಲಗೆ ಅದ್ದಿ ಅಲ್ಲಾಡಿಸಿ. ಕೂದಲಂಥ ಪಕ್ಕದ ಬೇರುಗಳಲ್ಲಿ ರಾಗಿ ಕಾಳು, ಸಾಸಿವೆ ಕಾಳಿನಷ್ಟು ಗಂಟುಗಳು ಮಣಿ ಪೋಣಿಸಿದ ಹಾಗೆ ಕಂಡರೆ ಅದು ಬೇರುಗಂಟು ಜಂತುಹುಳು. ಅಂಗಡಿಯವರು ನೆಮಟೋಡ್ ಅನ್ನುವುದು ಇದನ್ನೇ.

ಹುರುಳಿಕಾಯಿ, ಅಲಸಂದೆ ಬೇರಿನಲ್ಲೂ ಗಂಟು ಇರುತ್ತದೆ, ಅದನ್ನು ನೋಡಿ ಗಾಬರಿ ಬೇಡ. ಅದು ಸಾರಜನಕ ಹಿಡಿಯುವ ಒಳ್ಳೆ ಗಂಟು, ಬೇರಿಗೆ ಪಕ್ಕದಲ್ಲಿ ಅಂಟಿಕೊಂಡಿರುತ್ತದೆ, ಉಗುರಿನಲ್ಲಿ ತಳ್ಳಿದರೆ ಉದುರುತ್ತದೆ. ಹುಳುವಿನ ಗಂಟು ಉದುರುವುದಿಲ್ಲ, ಬೇರು ತಾನೇ ಊದಿಕೊಂಡಿರುತ್ತದೆ.

ಬಿತ್ತುವ ಮೊದಲೇ ತಿಳಿಯಬೇಕು ಅಂದರೆ ಟೊಮೆಟೊ ಸಸಿ ಸಾಕು. ಹೊಲದ ಎಂಟು ಹತ್ತು ಕಡೆಯಿಂದ, ಮುಖ್ಯವಾಗಿ ಹೋದ ಸಲ ಬೆಳೆ ಕುಗ್ಗಿದ್ದ ಕಡೆಯಿಂದ, ಗೇಣುದ್ದ ಆಳದ ಮಣ್ಣು ತೆಗೆದು ಬೆರೆಸಿ ಒಂದು ಕುಂಡಕ್ಕೆ ತುಂಬಿ ಒಂದು ಟೊಮೆಟೊ ಸಸಿ ನೆಡಿ. ಹೈಬ್ರಿಡ್‌ನಲ್ಲಿ ಕೆಲವು ಈ ಹುಳುವನ್ನು ತಡೆಯುತ್ತವೆ, ಅದಕ್ಕೆ ನಾಟಿ ತಳಿಯೇ ಇರಲಿ. ನಲವತ್ತು ದಿನ ಬಿಟ್ಟು ಕುಂಡ ಕವಚಿ ಬೇರು ತೊಳೆದು ನೋಡಿ. ಗಂಟು ತುಂಬಿದ್ದರೆ ಆ ಜಾಗದಲ್ಲಿ ಸುಮ್ನೆ ಕ್ಯಾರೆಟ್ ಬೀಜ ಚೆಲ್ಲಬೇಡಿ.

ಇಷ್ಟು ಯಾಕೆ ಹೆದರಿಸುತ್ತೇನೆ ಅಂದರೆ, ಈ ಹುಳುವಿನ ಮರಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಕಣ್ಣಿಗೆ ಕಾಣದು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ನಮ್ಮ ಕಡೆಯ ಬಿಸಿಗೆ ಒಂದು ತಲೆಮಾರು ಮುಗಿಯಲು ಸುಮಾರು ಒಂದು ತಿಂಗಳು ಸಾಕು. ನೂರು ದಿನದ ಕ್ಯಾರೆಟ್ ಬೆಳೆಯಲ್ಲಿ ಮೂರು ತಲೆಮಾರು ಅಲ್ವಾ! ಅದಕ್ಕಿಂತ ಮುಖ್ಯ, ಮೊಳಕೆಯ ತಾಯಿಬೇರಿನ ತುದಿಯನ್ನು ಮೊದಲ ಎರಡು ಮೂರು ವಾರದಲ್ಲಿ ಹುಳು ಹೊಕ್ಕರೆ ಅಲ್ಲೇ ಕವಲು ಒಡೆಯುತ್ತದೆ, ಆಮೇಲೆ ಏನು ಹಾಕಿದರೂ ಆ ಕ್ಯಾರೆಟ್ ಮತ್ತೆ ನೆಟ್ಟಗಾಗುವುದಿಲ್ಲ. ಆದ್ದರಿಂದ ಕೆಲಸವೆಲ್ಲ ಬಿತ್ತನೆಗೆ ಮೊದಲೇ ಮುಗಿದಿರಬೇಕು.

ಬೇರುಗಂಟಿಗೆ: ಗೊಬ್ಬರವನ್ನೇ ಔಷಧಿ ಮಾಡುವುದು

ಬೇವಿನ ಹಿಂಡಿ ಎಲ್ಲರಿಗೂ ಗೊತ್ತು. ಆದರೆ ಬರೀ ಹಿಂಡಿ ಚೆಲ್ಲುವುದಕ್ಕಿಂತ ಕೊಟ್ಟಿಗೆ ಗೊಬ್ಬರದಲ್ಲಿ ಹಿಂಡಿ ಮತ್ತು ಒಳ್ಳೆ ಜೀವಾಣುಗಳನ್ನು ಬೆಳೆಸಿ ಹಾಕುವುದು ಬಹಳ ಮೇಲು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತರಕಾರಿ ಬೆಳೆಗಾರರಿಗೆ ಹೇಳಿಕೊಡುವ ದಾರಿಯೂ ಇದೇ. ಲೆಕ್ಕ ಹೀಗೆ: ಒಂದು ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅದಕ್ಕೆ 100ರಿಂದ 200 ಕೆಜಿ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ, ಟ್ರೈಕೋಡರ್ಮಾ 2 ಕೆಜಿ, ಸ್ಯೂಡೋಮೊನಾಸ್ 2 ಕೆಜಿ, ಪೆಸಿಲೋಮೈಸಿಸ್ 2 ಕೆಜಿ. ಎಕರೆಗೆ ಇಂಥ ಎರಡು ಟನ್. ನಿಮ್ಮದು ಹತ್ತು ಗುಂಟೆ ಆದರೆ ಅರ್ಧ ಟನ್ ಗೊಬ್ಬರ, 50ರಿಂದ 100 ಕೆಜಿ ಹಿಂಡಿ, ಪುಡಿಗಳು ಒಂದೊಂದು ಕೆಜಿ. ಇದು ಮಾಮೂಲಿ ಹಾಕುವ ತಿಪ್ಪೆ ಗೊಬ್ಬರದ ಜೊತೆಗೆ, ಅದರ ಬದಲಿಗೆ ಅಲ್ಲ.

ಮೂರೂ ಪುಡಿ ಯಾಕೆ ಅಂತ ಕೇಳುತ್ತಾರೆ. ಟ್ರೈಕೋಡರ್ಮಾ ಕೊಳೆ ರೋಗದ ಶಿಲೀಂಧ್ರಗಳ ಮೇಲೆ ಕೆಲಸ ಮಾಡುತ್ತದೆ. ಪೆಸಿಲೋಮೈಸಿಸ್ ಜಂತುಹುಳುವಿನ ಮೊಟ್ಟೆಯೊಳಗೆ ಬೆಳೆದು ಅದನ್ನು ತಿನ್ನುತ್ತದೆ. ಸ್ಯೂಡೋಮೊನಾಸ್ ಬೇರಿನ ಸುತ್ತ ಜಾಗ ಹಿಡಿದು ಕೂರುತ್ತದೆ. ಹುಳು ಮಾಡಿದ ಗಾಯದಿಂದಲೇ ಕೊಳೆ ರೋಗ ಒಳಗೆ ಹೋಗುವುದು ಜಾಸ್ತಿ, ಹಾಗಾಗಿ ಒಂದಕ್ಕೇ ಮದ್ದು ಮಾಡಿದರೆ ಅರ್ಧ ಕೆಲಸ.

ಗುಡ್ಡೆ ಹಾಕುವಾಗ ಎಲ್ಲರೂ ಎಡವುವುದು ನೀರಿನಲ್ಲಿ. ಹುಣಸೆ ಮರದ ಕೆಳಗೋ ಚಪ್ಪರದ ಕೆಳಗೋ ನೆರಳಿರುವ ಕಡೆ ಗೊಬ್ಬರ ಹರಡಿ, ಹಿಂಡಿ ಪುಡಿ ಮಾಡಿ ಉದುರಿಸಿ, ಜೀವಾಣು ಪುಡಿ ಉದುರಿಸಿ, ನೀರು ಚಿಮುಕಿಸುತ್ತಾ ಕಲಸಿ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಮಾತ್ರ ಸುರಿಯಬಾರದು. ಸುರಿದರೆ ಜಾಸ್ತಿ ಆಯಿತು, ಒಣ ಗೊಬ್ಬರ ಸೇರಿಸಿ. ಮೇಲೆ ನೆನೆಸಿದ ಗೋಣಿಚೀಲ ಮುಚ್ಚಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆಂದು ಹೋಗುತ್ತದೆ. ಹದಿನೈದು ದಿನ ಇಡಬೇಕು, ವಾರಕ್ಕೊಮ್ಮೆ ಮಗುಚಬೇಕು. ಒಂದು ವಾರಕ್ಕೆ ಗೋಣಿ ಎತ್ತಿದರೆ ಬಿಳಿ ಬೂಷ್ಟು, ಆಮೇಲೆ ಅಲ್ಲಲ್ಲಿ ಪಾಚಿ ಹಸಿರು ಕಾಣುತ್ತದೆ, ಮಳೆ ಬಿದ್ದ ಕಾಡಿನ ವಾಸನೆ ಬರುತ್ತದೆ. ಅದು ಬಂದರೆ ಟ್ರೈಕೋಡರ್ಮಾ ಹಿಡಿದಿದೆ ಅಂತ ಅರ್ಥ. ಮೂಗಿಗೆ ಹೊಡೆಯುವ ನಾತ ಬಂದರೆ ಗೊಬ್ಬರ ಇನ್ನೂ ಹಸಿ ಇತ್ತು.

ಪ್ಯಾಕೆಟ್ ಕೊಳ್ಳುವಾಗ ತಯಾರಾದ ತಾರೀಖು ನೋಡಿ. ಒಳಗಿರುವುದು ಜೀವ ಇರುವ ವಸ್ತು. ಬಿಸಿಲು ಬೀಳುವ ಕಡೆ ಯೂರಿಯಾ ಮೂಟೆ ಮೇಲೆ ಆರು ತಿಂಗಳು ಕೂತ ಪ್ಯಾಕೆಟ್ ಅಂದರೆ ಬರೀ ಬಿಳಿ ಪುಡಿ, ದುಡ್ಡು ದಂಡ. ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ ಹಚ್ಚಿದ ಬೀಜ ಬಿತ್ತಿ, ಅದರ ಪಕ್ಕದಲ್ಲೇ ಟ್ರೈಕೋಡರ್ಮಾ ಹಾಕಿದರೂ ಅಷ್ಟೇ, ಔಷಧಿ ನಿಮ್ಮ ಟ್ರೈಕೋಡರ್ಮಾವನ್ನೇ ಕೊಲ್ಲುತ್ತದೆ. ಬ್ಲೀಚಿಂಗ್ ಪುಡಿಯೂ ಇದರ ಜೊತೆ ಆಗದು.

ಹಿಂಡಿಯದ್ದೂ ಒಂದು ಮಾತು. ಒಳ್ಳೆ ಬೇವಿನ ಹಿಂಡಿ ಕೈಯಲ್ಲಿ ಉಜ್ಜಿದರೆ ಸ್ವಲ್ಪ ಜಿಡ್ಡು ಅಂಟುತ್ತದೆ, ವಾಸನೆಯಲ್ಲೇ ಕಹಿ ಗೊತ್ತಾಗುತ್ತದೆ. ಒಂದು ಲೋಟ ನೀರಿಗೆ ಹಾಕಿ ಕಲಕಿ ಬಿಡಿ, ತಳದಲ್ಲಿ ಮರಳು ಮಣ್ಣು ನಿಂತರೆ ಅಂಗಡಿ ಬದಲಿಸಿ. ಹರಳು ಹಿಂಡಿ ಅಗ್ಗಕ್ಕೆ ಸಿಗುತ್ತದೆ, ಕೆಲಸವೂ ಮಾಡುತ್ತದೆ, ಆದರೆ ಅದರ ವಾಸನೆಗೆ ನಾಯಿಗಳು ಹೋಗಿ ತಿನ್ನುತ್ತವೆ, ತಿಂದರೆ ಬದುಕುವುದು ಕಷ್ಟ. ಮನೆಯಲ್ಲಿ ನಾಯಿ, ದನ ಇದ್ದರೆ ಚೀಲ ಎಲ್ಲೆಂದರಲ್ಲಿ ಇಡಬೇಡಿ.

ಕಲಸಿದ ಗೊಬ್ಬರವನ್ನು ಮಡಿ ಮಾಡುವಾಗ ಮೇಲಿನ ಅರ್ಧ ಅಡಿಗೆ ಬೆರೆಸಿ ಒಂದು ನೀರು ಕೊಡಿ. ಹಿಂಡಿಯನ್ನು ನೇರವಾಗಿ ಹೊಲಕ್ಕೆ ಹಾಕುವವರು ಬಿತ್ತನೆಗೆ ಕನಿಷ್ಠ ಹದಿನೈದು ಇಪ್ಪತ್ತು ದಿನ ಮೊದಲೇ ಹಾಕಬೇಕು. ಹಿಂಡಿ ಕೊಳೆಯುವಾಗ ಅಮೋನಿಯಾ ಏಳುತ್ತದೆ. ಹುಳುವಿಗೆ ಆಗದ್ದು ಅದೇ, ಮೊಳಕೆಗೂ ಆಗದ್ದು ಅದೇ. ಹಿಂಡಿಯಲ್ಲಿ ಸಾರಜನಕ ಇರುವುದರಿಂದ ಯೂರಿಯಾ ಕಡಿಮೆ ಮಾಡಿ. ಎರಡನ್ನೂ ಪೂರ್ತಿ ಹಾಕಿದರೆ ಸೊಪ್ಪು ಮೊಣಕಾಲುದ್ದ ಬರುತ್ತದೆ, ಕ್ಯಾರೆಟ್ ಬೆರಳಷ್ಟು.

ಕೋಳಿ ಗೊಬ್ಬರ ನಮ್ಮ ಕಡೆ ಲಾರಿ ಲಾರಿ ಬರುತ್ತದೆ, ಹಾಕಬೇಡಿ ಅನ್ನುವುದಿಲ್ಲ. ಆದರೆ ಎರಡು ಮೂರು ತಿಂಗಳು ಗುಡ್ಡೆ ಹಾಕಿ ಕೊಳೆಸದೆ ಬೇರು ತರಕಾರಿಗೆ ಬೇಡವೇ ಬೇಡ. ಕ್ಯಾರೆಟ್, ಮೂಲಂಗಿ ಹಸಿಯಾಗಿ ಕೋಸಂಬರಿಗೆ ಹೋಗುತ್ತವೆ, ಅದನ್ನೂ ನೆನಪಿಡಿ. ಕೆರೆ ಗೋಡು, ಅಂದರೆ ಕೆರೆಯ ಹೂಳು, ಇನ್ನೊಂದು. ಮರಳು ಮಣ್ಣಿಗೆ ಅದು ಬಂಗಾರ, ನಿಜ, ಆದರೆ ಜಾಸ್ತಿ ಹಾಕಿದ ವರ್ಷವೇ ಕ್ಯಾರೆಟ್ ಬಿತ್ತಿದರೆ ಗಟ್ಟಿ ಮಣ್ಣಲ್ಲಿ ಸೊಟ್ಟ ಆಗುತ್ತದೆ. ಗೋಡು ಹೊಡೆದ ವರ್ಷ ರಾಗಿ ಬಿತ್ತಿ.

ಚೆಂಡು ಹೂ: ಹಬ್ಬಕ್ಕೂ ಆಯಿತು, ಮಣ್ಣಿಗೂ ಆಯಿತು

ಬಹಳ ಜನ ಹೊಲದ ಅಂಚಿಗೆ ಎರಡು ಸಾಲು ಚೆಂಡು ಹೂ ಹಾಕಿ ಹುಳು ಓಡಿ ಹೋಗುತ್ತದೆ ಅಂದುಕೊಳ್ಳುತ್ತಾರೆ. ಓಡುವುದಿಲ್ಲ. ಚೆಂಡು ಹೂವಿನ ಬೇರಿನೊಳಗೆ ಹೊಕ್ಕ ಮರಿಹುಳುಗಳು ಅಲ್ಲೇ ಸಾಯುತ್ತವೆ, ಮುಂದೆ ಮರಿ ಮಾಡುವುದಿಲ್ಲ. ಅಂದರೆ ಬೇರು ಎಲ್ಲೆಲ್ಲಿ ಇದೆಯೋ ಅಲ್ಲಲ್ಲಿ ಮಾತ್ರ ಕೆಲಸ. ಪೂರ್ತಿ ಜಾಗಕ್ಕೆ ಒತ್ತೊತ್ತಾಗಿ, ಎರಡು ಮೂರು ತಿಂಗಳು ಇರಬೇಕು. ಮಧ್ಯೆ ಕಳೆ ಬೆಳೆದರೆ ಹುಳು ಕಳೆಯ ಬೇರಿಗೆ ಹೋಗಿ ಆರಾಮಾಗಿ ಇರುತ್ತದೆ, ಹಾಗಾಗಿ ಕಳೆ ತೆಗೆಯಲೇಬೇಕು.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ, ಹೂವಿಗೆ ಮಾರ್ಕೆಟ್ ಹತ್ತಿರದಲ್ಲೇ ಇದೆ. ಜೂನ್‌ನಲ್ಲಿ ಸಸಿ ನೆಟ್ಟರೆ ಗಣೇಶನ ಹಬ್ಬಕ್ಕೆ ಹೂ ಸಿಗುತ್ತದೆ. ಆಮೇಲೆ ಗಿಡ ಇನ್ನೂ ಹಸಿರಾಗಿರುವಾಗಲೇ ಕೊಚ್ಚಿ ಮಣ್ಣಿಗೆ ಸೇರಿಸಿ, ಮೂರು ವಾರ ಕೊಳೆಯಲು ಬಿಟ್ಟು, ಅಕ್ಟೋಬರ್‌ನಲ್ಲಿ ಕ್ಯಾರೆಟ್ ಬಿತ್ತಬಹುದು. ಕಷ್ಟ ಬರುವುದು ಎಲ್ಲಿ ಗೊತ್ತಾ? ಆಯುಧಪೂಜೆಗೆ ರೇಟು ಏರುತ್ತದೆ, ಇನ್ನೊಂದು ಕೊಯ್ಲು ನೋಡೋಣ ಅನಿಸುತ್ತದೆ, ಅದಾದ ಮೇಲೆ ದೀಪಾವಳಿ. ಹೀಗೆ ನೋಡುತ್ತಾ ನೋಡುತ್ತಾ ನಾನು ಒಂದು ವರ್ಷ ಕ್ಯಾರೆಟ್ ಹಂಗಾಮನ್ನೇ ಕಳೆದುಕೊಂಡೆ. ಹೂವಿನ ದುಡ್ಡು ಬಂತು, ಅದಕ್ಕೇನೂ ಬೇಜಾರಿಲ್ಲ ಬಿಡಿ.

ಏಪ್ರಿಲ್, ಮೇ ತಿಂಗಳಲ್ಲಿ ಜಾಗ ಖಾಲಿ ಇದ್ದರೆ ಬಿಸಿಲನ್ನೂ ಬಳಸಿಕೊಳ್ಳಿ. ಉತ್ತು, ನೀರು ಹಾಯಿಸಿ, ಮಣ್ಣು ಒದ್ದೆ ಇರುವಾಗಲೇ ಪಾರದರ್ಶಕ ಪ್ಲಾಸ್ಟಿಕ್ ಹಾಸಿ ಅಂಚಿಗೆಲ್ಲ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆಯಲ್ಲಿ ಅಷ್ಟು ಕಾವು ಮಣ್ಣಿಗೆ ಇಳಿಯುವುದಿಲ್ಲ. ಕುಂಡದಲ್ಲಿ ಬೆಳೆಯುವ ಬೆಂಗಳೂರಿನವರು ಹಳೇ ಮಣ್ಣನ್ನು ಒದ್ದೆ ಮಾಡಿ ಪಾರದರ್ಶಕ ಕವರಿಗೆ ತುಂಬಿ ಟೆರೇಸ್ ಬಿಸಿಲಿಗೆ ತೆಳ್ಳಗೆ ಮಲಗಿಸಿದರೆ ಸಾಕು. ಈ ಕಾವಿಗೆ ಒಳ್ಳೆ ಜೀವಾಣುಗಳೂ ಕಡಿಮೆಯಾಗುತ್ತವೆ, ಆದ್ದರಿಂದ ಟ್ರೈಕೋಡರ್ಮಾ ಗೊಬ್ಬರ ಯಾವಾಗಲೂ ಇದಾದ ಮೇಲೆ.

ಸುಣ್ಣ, ಬೂದಿ: ಯಾರಿಗೆ ಬೇಕು, ಯಾರಿಗೆ ಬೇಡ

ಆಲೂಗಡ್ಡೆಗೆ ಕಜ್ಜಿ ತರುವ ಸೂಕ್ಷ್ಮಜೀವಿಗೆ ಹುಳಿ ಮಣ್ಣು ಆಗುವುದಿಲ್ಲ. ರಸಸಾರ 5.2ಕ್ಕಿಂತ ಕೆಳಗೆ ಇದ್ದರೆ ಅದು ಸೊರಗುತ್ತದೆ, ಮೇಲೆ ಹೋದಷ್ಟೂ ಅದಕ್ಕೆ ಹಬ್ಬ. ಸುಣ್ಣ ಮತ್ತು ಬೂದಿ ಎರಡೂ ಮಣ್ಣನ್ನು ಮೇಲಕ್ಕೇ ತಳ್ಳುತ್ತವೆ. ನನ್ನ ಐದು ಗುಂಟೆಯಲ್ಲಿ ಆದದ್ದು ಇಷ್ಟೇ. ಹಸಿ ಸಗಣಿಯೂ ಕಜ್ಜಿಯನ್ನು ಹೆಚ್ಚಿಸುತ್ತದೆ.

ಇದಕ್ಕೆ ಗಂಧಕದ ಪುಡಿ ಹಾಕಿ ಅನ್ನುತ್ತಾರೆ. ಗಂಧಕ ನಿಧಾನಕ್ಕೆ ಮಣ್ಣನ್ನು ಹುಳಿ ಮಾಡುತ್ತದೆ, ಅದೂ ಮಣ್ಣಿನ ಜೀವಾಣುಗಳು ಅದನ್ನು ಅರಗಿಸಿಕೊಂಡ ಮೇಲೆ, ಅಂದರೆ ತಿಂಗಳುಗಳ ಲೆಕ್ಕ. ಗಡಸು ನೀರು ಹಾಯಿಸುವ ಹೊಲದಲ್ಲಿ ನೀರು ಮತ್ತೆ ಮೇಲಕ್ಕೆ ಎಳೆಯುತ್ತದೆ. ಹಾಗಾಗಿ ಮಣ್ಣು ಪರೀಕ್ಷೆಯ ಚೀಟಿ ಕೈಯಲ್ಲಿ ಇಲ್ಲದೆ ಗಂಧಕ ಹಾಕಬೇಡಿ. ನನಗೆ ನಿಜವಾಗಿ ಕೆಲಸ ಮಾಡಿದ್ದು ನೀರು: ಗಡ್ಡೆ ಕಟ್ಟಲು ಶುರುವಾದ ದಿನದಿಂದ ನಾಲ್ಕು ಐದು ವಾರ ಮಣ್ಣು ಒಣಗಲು ಬಿಡಬಾರದು. ಕಜ್ಜಿ ಅಂಟುವುದು ಆ ಎಳೆ ಗಡ್ಡೆಗೆ, ಮಣ್ಣು ಒಣಗಿದಾಗ. ಕಜ್ಜಿ ಇರುವ ಬಿತ್ತನೆ ಗಡ್ಡೆ ತರಬೇಡಿ. ಬೀಟ್‌ರೂಟ್, ಮೂಲಂಗಿ, ಕ್ಯಾರೆಟ್‌ಗೂ ಇದು ಹತ್ತುವುದರಿಂದ ಆಲೂ ಆದ ಮೇಲೆ ಅವನ್ನು ಹಾಕಿದರೆ ಬೆಳೆ ಬದಲಿಸಿದ ಹಾಗೆ ಆಗುವುದಿಲ್ಲ.

ಬೀಟ್‌ರೂಟ್ ಒಳಗಿನ ಕಪ್ಪು ಚುಕ್ಕೆ ರೋಗವೇ ಅಲ್ಲ, ಬೋರಾನ್ ಕೊರತೆ. ಸುಣ್ಣ ಜಾಸ್ತಿಯಾದರೆ, ಮಣ್ಣು ಒಣಗಿದರೆ ಬೇರಿಗೆ ಬೋರಾನ್ ಸಿಗದು. ಎಳೆ ಎಲೆ ಸುರುಟಿ ಕಪ್ಪಾಗುತ್ತದೆ, ಕೊಯ್ದರೆ ಒಳಗೆ ಬೆಂಡಿನಂಥ ಕಪ್ಪು. ಇದಕ್ಕೆ ಬೊರಾಕ್ಸ್, ಎಕರೆಗೆ 4 ಕೆಜಿ, ಅಂದರೆ ಗುಂಟೆಗೆ ಬರೀ 100 ಗ್ರಾಂ. ಇಷ್ಟು ಸಣ್ಣ ಅಳತೆಯನ್ನು ಹಾಗೇ ಚೆಲ್ಲಲು ಆಗುವುದಿಲ್ಲ, ಒಂದು ಬಾಂಡಲಿ ಒಣ ಮರಳಿಗೆ ಬೆರೆಸಿ ಸಮನಾಗಿ ಚೆಲ್ಲಿ. "ಇನ್ನೊಂದು ಹಿಡಿ ಇರಲಿ" ಅನ್ನಬೇಡಿ, ಜಾಸ್ತಿಯಾದರೆ ಮುಂದೆ ಬಿತ್ತುವ ಹುರುಳಿಕಾಯಿಯ ಎಲೆ ಅಂಚು ಸುಡುತ್ತದೆ.

ಹಾಗಂತ ಸುಣ್ಣ ಕೆಟ್ಟದ್ದಲ್ಲ. ಮಲೆನಾಡು, ಕೊಡಗಿನ ಕಡೆ ಮಳೆಗೆ ತೊಳೆದು ಮಣ್ಣು ಹುಳಿಯಾಗಿರುತ್ತದೆ, ಅಲ್ಲಿ ಶುಂಠಿ ಬೆಳೆಯುವವರಿಗೆ ಸುಣ್ಣ ಬೇಕು. ಅಲ್ಲೂ ಅಳತೆ ಮಣ್ಣು ಪರೀಕ್ಷೆ ನೋಡಿಯೇ. ಸುಣ್ಣವನ್ನು ಗೊಬ್ಬರದ ಜೊತೆ, ಯೂರಿಯಾ ಜೊತೆ ಕಲಸಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರ ಅಂತರ ಇರಲಿ.

ಬುಡದಲ್ಲಿ ಬಿಳಿ ದಾರ ಕಂಡರೆ

ಕ್ಯಾರೆಟ್, ಬೀಟ್‌ರೂಟ್ ಭುಜದ ಹತ್ತಿರ ಹತ್ತಿಯಂಥ ಬಿಳಿ ದಾರ ಹಬ್ಬಿ, ಮೇಲೆ ಸಾಸಿವೆಯಂಥ ಕಂದು ಕಾಳು ಕೂತಿದ್ದರೆ ಅದು ಸ್ಕ್ಲೆರೋಶಿಯಂ ಬುಡಕೊಳೆ. ಕಡಲೆಕಾಯಿ, ಟೊಮೆಟೊಗೂ ಬರುವುದು ಇದೇ. ಆ ಕಾಳುಗಳು ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಇಲ್ಲಿ ಹಸಿ ಸೊಪ್ಪು, ಅರೆಬರೆ ಕೊಳೆತ ಕಸ ಮಣ್ಣಿನ ಮೇಲೆ ಬಿದ್ದಿದ್ದರೆ ಶಿಲೀಂಧ್ರಕ್ಕೆ ಅದೇ ಮೆಟ್ಟಿಲು, ಅದರ ಮೇಲೆ ಬೆಳೆದೇ ಗಿಡಕ್ಕೆ ಹತ್ತುತ್ತದೆ. ಆದ್ದರಿಂದ ಬುಡಕ್ಕೆ ಹೊದಿಕೆ ಬೇಡ, ಕಳಿತ ಟ್ರೈಕೋಡರ್ಮಾ ಗೊಬ್ಬರ ಮಾತ್ರ. ರೋಗದ ಗಿಡವನ್ನು ಸುತ್ತಲಿನ ಮಣ್ಣಿನ ಜೊತೆ ಎತ್ತಿ ಚೀಲಕ್ಕೆ ಹಾಕಿ ಹೊರಗೆ ಸುಡಿ, ತಿಪ್ಪೆಗೆ ಎಸೆಯಬೇಡಿ. ಬೆಳೆ ಮುಗಿದ ಮೇಲೆ ಆಳವಾಗಿ ಮಣ್ಣು ಮಗುಚಿ ಬೀಳುವ ಹಾಗೆ ನೇಗಿಲು ಹೊಡೆಸಿ, ರೋಟವೇಟರ್ ಅಲ್ಲ.

ಆಲೂ ಗಿಡ ಹಸಿರಾಗಿದ್ದಾಗಲೇ ದಿಢೀರ್ ಸೊರಗಿದರೆ ಕಾಂಡ ಕೊಯ್ದು ಗಾಜಿನ ಲೋಟದ ನೀರಲ್ಲಿ ತೂಗುಬಿಡಿ. ಕೆಲವು ನಿಮಿಷದಲ್ಲಿ ಹಾಲಿನ ಎಳೆ ಇಳಿದರೆ ದುಂಡಾಣು ಸೊರಗು ರೋಗ. ಇದಕ್ಕೆ ಯಾವ ಹಿಂಡಿ, ಯಾವ ಪುಡಿಯನ್ನೂ ನಂಬಿ ದುಡ್ಡು ಸುರಿಯಬೇಡಿ. ಎರಡು ಮೂರು ವರ್ಷ ರಾಗಿ, ಜೋಳ ಹಾಕಿ. ಟೊಮೆಟೊ, ಬದನೆ, ಮೆಣಸಿನಕಾಯಿ ಕಡೆ ತಿರುಗಿಯೂ ನೋಡಬೇಡಿ.

ಇನ್ನು ಬಿತ್ತುವಾಗ ಒಂದು ಮಡಿಗೆ ಏನೂ ಹಾಕದೆ ಮಾಮೂಲಿ ಗೊಬ್ಬರದಲ್ಲೇ ಬಿಡಿ, ಒಂದು ಕಡ್ಡಿ ನೆಟ್ಟು ಗುರುತು ಮಾಡಿ. ಕಿತ್ತಾಗ ಎರಡೂ ಕಡೆಯಿಂದ ನೂರು ನೂರು ಕ್ಯಾರೆಟ್ ಎಣಿಸಿ, ಎಷ್ಟಕ್ಕೆ ಕಾಲು ಬಂದಿದೆ ಅಂತ ಬರೆದಿಡಿ. ಖರ್ಚು ಮಾಡಿದ್ದು ದಕ್ಕಿತಾ ಇಲ್ಲವಾ ಅಂತ ಆಗ ಗೊತ್ತಾಗುತ್ತದೆ. ಮತ್ತೆ ಬಾಡಿಗೆ ಟಿಲ್ಲರ್ ನಿಮ್ಮ ಹೊಲಕ್ಕೆ ಇಳಿಯುವ ಮೊದಲು ಅದರ ಹಲ್ಲಿಗೆ ಅಂಟಿದ ಪಕ್ಕದೂರಿನ ಮಣ್ಣನ್ನು ರಸ್ತೆ ಬದಿಯಲ್ಲೇ ತೊಳೆಸಿ. ಡ್ರೈವರ್ ಗೊಣಗುತ್ತಾನೆ, ಒಂದು ಟೀ ಕೊಡಿಸಿ.